ಜೇಜುರಿಯ ಹಳದಿ, ಪುಣೆಯ ತಟ್ಟೆ

ಜೇಜುರಿಯ ಗುಡ್ಡದ ಮೇಲೆ ಹಳದಿ ಹತ್ತದ ವಸ್ತು ಸಿಗುವುದು ಕಷ್ಟ. ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದ ಈ ಊರಿನಲ್ಲಿ ಸೋಮವತಿ ಅಮಾವಾಸ್ಯೆಗೆ, ಚಂಪಾಷಷ್ಠಿಗೆ ಭಕ್ತರು ಹಿಡಿಹಿಡಿಯಾಗಿ ತೂರುವ ಭಂಡಾರ, ಅಂದರೆ ಅರಿಶಿನದ ಪುಡಿ, ದೀಪಮಾಲೆಯ ಕಂಬಗಳಿಗೆ, ಅಂಗಳದ ಹಿತ್ತಾಳೆ ಹೊದಿಸಿದ ಆಮೆಗೆ, ಮೆಟ್ಟಿಲ ಸಂದುಗಳಿಗೆ ಮೆತ್ತಿಕೊಂಡು ಗುಡ್ಡಕ್ಕೆ ಚಿನ್ನದ ಜೇಜುರಿ ಎಂಬ ಹೆಸರನ್ನೇ ತಂದಿದೆ. ಅಲ್ಲಿಯ ದೇವರು ಖಂಡೋಬಾ ನಮಗೆ ಹೊರಗಿನವನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರಿನ ದೇವರಗುಡ್ಡದಲ್ಲಿ, ಬೀದರ್ ಬಳಿಯ ಖಾನಾಪುರದಲ್ಲಿ, ಅಥಣಿ ಸೀಮೆಯ ಮಂಗಸೂಳಿಯಲ್ಲಿ ಕುಳಿತ ಮೈಲಾರಲಿಂಗನೇ ಗಡಿ ದಾಟಿ ಹೋಗಿ ಅಲ್ಲಿ ಮಲ್ಹಾರಿಯಾಗಿದ್ದಾನೆ. ನಮ್ಮ ಗೊರವಯ್ಯನ ಚೀಲದಲ್ಲಿರುವುದೂ ಅದೇ ಭಂಡಾರ. ಜೇಜುರಿ ಇರುವ ಪುರಂದರ ತಾಲ್ಲೂಕು ಅಂಜೂರಕ್ಕೆ, ಸೀತಾಫಲಕ್ಕೆ ಹೆಸರಾದ ಒಣ ಸೀಮೆ. ಅರಿಶಿನಕ್ಕೆ ಹೆಸರಾದ ಪೇಟೆಯೆಂದರೆ ಸಾಂಗ್ಲಿ. ಅಲ್ಲಿಯ ಹರಿಪುರದಲ್ಲಿ ಒಣಗಿದ ಕೊಂಬುಗಳನ್ನು ನಮ್ಮ ಕಡೆ ಜೋಳ ತುಂಬುವ ಹಗೇವಿನಂಥ ನೆಲಗುಳಿಗಳಲ್ಲಿ ವರ್ಷಗಟ್ಟಲೆ ಕಾಪಿಡುವ ಪದ್ಧತಿಯಿತ್ತು. ಇದೇ ಹಳದಿಗೆ ಕಳೆದ ನಾಲ್ಕು ದಶಕಗಳಲ್ಲಿ ಇನ್ನೊಂದು ಬದುಕು ದೊರೆತಿದೆ: ಕ್ಯಾನ್ಸರಿನ ಮದ್ದು ಎಂಬ ಬದುಕು. ಆ ಬದುಕಿನ ಏಳುಬೀಳನ್ನು ಕೂತು ಓದಿದರೆ ಅರಿಶಿನಕ್ಕಿಂತ ಹೆಚ್ಚಾಗಿ ಅರಿಶಿನವನ್ನು ಪರೀಕ್ಷಿಸಿದ ಗಾಜಿನ ತಟ್ಟೆಯ ಚರಿತ್ರೆ ಕಾಣಿಸುತ್ತದೆ. ಚಪ್ಪಟೆ ತಟ್ಟೆ ‘ಹೌದು’ ಎನ್ನುವುದರಲ್ಲಿ ಧಾರಾಳಿ. ಅದರ ಜಾಗಕ್ಕೆ ಬರುತ್ತಿರುವ, ಗೋಲವಾಗಿ ಮೂರು ಆಯಾಮದಲ್ಲಿ ಬೆಳೆಸಿದ ಗಡ್ಡೆಕೋಶಗಳ ನಿಜವಾದ ಬೆಲೆ ಇರುವುದು ‘ಇಲ್ಲ’ ಎನ್ನುವ ಅವುಗಳ ಶಕ್ತಿಯಲ್ಲಿ. ನಾನು ಇಲ್ಲಿ ಮುಂದಿಡುತ್ತಿರುವ ವಾದ ಇಷ್ಟು.

ಅರಿಶಿನದ ಬಣ್ಣದ ಸತ್ವವನ್ನು ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಹೆಸರಿಟ್ಟವರು ಫೋಗೆಲ್ ಮತ್ತು ಪೆಲೆಟಿಯೆ, 1815ರಲ್ಲಿ. ಅದರ ಅಣುರಚನೆ ಗೊತ್ತಾಗಲು ಇನ್ನೂ ಒಂದು ಶತಮಾನ ಹಿಡಿಯಿತು. 1910ರಲ್ಲಿ ಪೋಲೆಂಡಿನ ರಸಾಯನ ವಿಜ್ಞಾನಿಗಳು ಅದನ್ನು ಬಿಡಿಸಿದರು. ಕ್ಯಾನ್ಸರಿನ ಜೊತೆ ಅದರ ನಂಟು ಬೆಳೆದದ್ದು ನಮ್ಮ ಪಕ್ಕದ ಕೇರಳದಲ್ಲಿ. ತ್ರಿಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದ ರಾಮದಾಸನ್ ಕುಟ್ಟನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಅರಿಶಿನದ ಸಾರ ಮಿಲಿಲೀಟರಿಗೆ 0.4 ಮಿಲಿಗ್ರಾಂ ಪ್ರಮಾಣದಲ್ಲಿ, ಶುದ್ಧ ಕರ್ಕ್ಯುಮಿನ್ ಮಿಲಿಲೀಟರಿಗೆ ಬರೀ 4 ಮೈಕ್ರೋಗ್ರಾಂ ಪ್ರಮಾಣದಲ್ಲಿ ಗಡ್ಡೆಕೋಶಗಳನ್ನು ಕೊಂದಿತು. ಪ್ರಾಮಾಣಿಕವಾದ, ಮಿತಭಾಷಿಯಾದ ಕೆಲಸ ಅದು. ಅದರ ಹಿಂದೆ ಬಂದ ನೆರೆಯಲ್ಲಿ ಆ ಮಿತ ಉಳಿಯಲಿಲ್ಲ. ಸ್ತನ, ದೊಡ್ಡಕರುಳು, ಯಕೃತ್ತು, ರಕ್ತ ಹೀಗೆ ಯಾವ ಕ್ಯಾನ್ಸರಿನ ಕೋಶಗಳನ್ನು ತಟ್ಟೆಗೆ ಹಾಕಿದರೂ ಕರ್ಕ್ಯುಮಿನ್ ಕೊಂದಿತು, ಸಾವಿರಾರು ಪ್ರಬಂಧಗಳಾದವು. ಆಮೇಲೆ ಮನುಷ್ಯರ ಸರದಿ. ತೈವಾನಿನಿಂದ 2001ರಲ್ಲಿ ಬಂದ ವರದಿಯಲ್ಲಿ, ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿಸಿ ರಕ್ತ ತೆಗೆದು ನೋಡಿದಾಗ ಸಿಕ್ಕ ಗರಿಷ್ಠ ಮಟ್ಟದ ಸರಾಸರಿ 1.77 ಮೈಕ್ರೋಮೋಲಾರ್. ತ್ರಿಶೂರಿನ 4 ಮೈಕ್ರೋಗ್ರಾಂ ಅನ್ನು ಇದೇ ಲೆಕ್ಕಕ್ಕೆ ತಂದರೆ 11ರ ಹತ್ತಿರ ಬರುತ್ತದೆ, ಅಂದರೆ ಆರು ಪಟ್ಟು. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 25 ರೋಗಿಗಳಿಗೆ ಅದೇ 8 ಗ್ರಾಂ ಕೊಟ್ಟು 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ರಕ್ತದ ಮಟ್ಟ ಇನ್ನೂ ಕಡಿಮೆ: ಮಿಲಿಲೀಟರಿಗೆ 22ರಿಂದ 41 ನ್ಯಾನೋಗ್ರಾಂ. ತಟ್ಟೆಯಲ್ಲಿ ಕೋಶ ಸಾಯಲು ಬೇಕಾದದ್ದರ ನೂರನೆಯ ಒಂದು ಪಾಲು. ಇಬ್ಬರು ರೋಗಿಗಳಲ್ಲಿ ಮಾತ್ರ ಏನೋ ಪರಿಣಾಮ ಕಂಡಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತೇವೆ. ಇಲ್ಲಿ ಬಾಯಿಗೆ ಬಂದದ್ದು ರಕ್ತಕ್ಕೆ ಬರಲಿಲ್ಲ. ರಕ್ತಕ್ಕೇ ಬಾರದ್ದು ಗಡ್ಡೆಯ ಒಡಲಿಗೆ ಇಳಿಯುವ ಮಾತು ದೂರವೇ ಉಳಿಯಿತು.

ಈ ತಟ್ಟೆ ನಮ್ಮ ಸೀಮೆಗೆ ಬಂದ ದಾರಿಯೂ ಪುಣೆಯ ಮೇಲೇ ಹಾದಿದೆ. ಜೀವಕೋಶವನ್ನು ದೇಹದ ಹೊರಗೆ ಬದುಕಿಸಬಹುದೆಂದು ತೋರಿಸಿದವನು ಅಮೆರಿಕದ ರಾಸ್ ಹ್ಯಾರಿಸನ್. 1907ರಲ್ಲಿ ಅವನು ಕಪ್ಪೆಯ ಭ್ರೂಣದ ನರದ ತುಣುಕನ್ನು ದುಗ್ಧರಸದ ಹನಿಯಲ್ಲಿಟ್ಟು, ಆ ಹನಿಯನ್ನು ಗಾಜಿನಿಂದ ತಲೆಕೆಳಗಾಗಿ ತೂಗುಬಿಟ್ಟು ಬೆಳೆಸಿದ. (ಈ ತೂಗುಹನಿ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.) ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೈ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಂಗಸಿನ ಗರ್ಭಕಂಠದ ಗಡ್ಡೆಯಿಂದ ಹೀಲಾ ಎಂಬ ಸಾವಿಲ್ಲದ ಕೋಶವಂಶವನ್ನು ಎಬ್ಬಿಸಿದ, ಹೆಂಗಸಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಗೈಯ ಆ ಪ್ರಯೋಗಾಲಯದಲ್ಲೇ ಪಳಗಿ ಬಂದವರು ಕಮಲ್ ರಣದಿವೆ. 1917ರಲ್ಲಿ ಪುಣೆಯಲ್ಲಿ ಹುಟ್ಟಿ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಈಕೆ ಭಾರತಕ್ಕೆ ಮರಳಿ ಮುಂಬೈಯ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿಯ ಪ್ರಯೋಗಾಲಯವನ್ನು ಕಟ್ಟಿದರು. ಪುಣೆಯಲ್ಲಿ 1952ರಲ್ಲಿ ಶುರುವಾದ ವೈರಸ್ ಸಂಶೋಧನಾ ಕೇಂದ್ರದ ಕೆ.ಆರ್.ಪಿ. ಸಿಂಗ್ 1967ರಲ್ಲಿ ಸೊಳ್ಳೆಯ ಕೋಶಗಳನ್ನು ನಿರಂತರವಾಗಿ ಬೆಳೆಸಿ ಜಗತ್ತಿನ ಗಮನ ಸೆಳೆದರು. 1980ರ ದಶಕದಲ್ಲಿ ಅದೇ ಊರಿನಲ್ಲಿ ಪ್ರಾಣಿಕೋಶಗಳ ರಾಷ್ಟ್ರೀಯ ಭಂಡಾರವೊಂದು ಹುಟ್ಟಿಕೊಂಡಿತು. ಇಂದಿನ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಅದೇ. ಕರ್ನಾಟಕದ ಯಾವುದೇ ಫಾರ್ಮಸಿ ಕಾಲೇಜಿನ, ಜೈವಿಕ ತಂತ್ರಜ್ಞಾನ ವಿಭಾಗದ ಪ್ರಬಂಧ ಬಿಡಿಸಿ ನೋಡಿ: ಕೋಶಗಳನ್ನು ಪುಣೆಯ ಈ ಕೇಂದ್ರದಿಂದ ತರಿಸಿಕೊಳ್ಳಲಾಯಿತು ಎಂಬ ಸಾಲು ವಿಧಾನದ ಭಾಗದಲ್ಲಿ ಎದುರಾಗುವ ಸಂಭವ ಬಹಳ. ಅದರ ಮುಂದಿನ ಸಾಲಿನಲ್ಲಿ ಎಂ.ಟಿ.ಟಿ. ಪರೀಕ್ಷೆ ಇರುತ್ತದೆ. ಟಿಮ್ ಮಾಸ್ಮನ್ 1983ರಲ್ಲಿ ರೂಪಿಸಿದ ವಿಧಾನ ಅದು. 96 ಗುಳಿಗಳ ಪ್ಲಾಸ್ಟಿಕ್ ಪ್ಲೇಟಿನ ತಳದಲ್ಲಿ ಕೋಶಗಳು ಒಂದೇ ಪದರವಾಗಿ ಅಂಟಿಕೊಂಡಿರುತ್ತವೆ. ಮದ್ದು ಹಾಕಿ ಒಂದೆರಡು ದಿನ ಬಿಟ್ಟು ಹಳದಿ ಬಣ್ಣವೊಂದನ್ನು ಸುರಿಯುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಹರಳಾಗಿ ಮಾರ್ಪಡಿಸುತ್ತದೆ. ಯಂತ್ರ ಬಣ್ಣ ಅಳೆದು ಎಷ್ಟು ಕೋಶ ಸತ್ತವೆಂದು ಹೇಳುತ್ತದೆ. ಅಗ್ಗ, ವೇಗ, ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ಮುಗಿಸಬಲ್ಲ ಕೆಲಸ. ಬೇವು, ತುಳಸಿ, ಅಮೃತಬಳ್ಳಿ, ನುಗ್ಗೆ ಎಲ್ಲವೂ ಈ ದಾರಿಯಲ್ಲಿ ‘ಕ್ಯಾನ್ಸರ್ ವಿರೋಧಿ’ಗಳಾದವು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ನಕ್ಕಿದ್ದರು. ಎಂ.ಟಿ.ಟಿ. ಬಂದ ಮೇಲೆ ಮದ್ದಲ್ಲದ ಹಿತ್ತಲ ಗಿಡವೇ ಉಳಿಯಲಿಲ್ಲ.

ಪರೀಕ್ಷೆ ತಾನು ಕೇಳಿದ ಪ್ರಶ್ನೆಗಷ್ಟೇ ಉತ್ತರ ಪಡೆಯುತ್ತದೆ. ಇದಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅನುಭವಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1955ರಿಂದ ಅಲ್ಲಿ ಸಾವಿರಾರು ರಾಸಾಯನಿಕಗಳನ್ನು ಲ್ಯುಕೀಮಿಯಾ ಹಚ್ಚಿದ ಇಲಿಗಳ ಮೇಲೆ ಜರಡಿ ಹಿಡಿದರು. ಜರಡಿಯಿಂದ ಇಳಿದು ಬಂದವು ಬಹುಮಟ್ಟಿಗೆ ರಕ್ತದ ಕ್ಯಾನ್ಸರಿಗೆ ನಾಟುವ, ಸರಸರನೆ ಒಡೆಯುವ ಕೋಶಗಳನ್ನು ಹೊಡೆಯುವ ಮದ್ದುಗಳೇ. ಶ್ವಾಸಕೋಶದ, ಕರುಳಿನ ಘನ ಗಡ್ಡೆಗಳ ಮುಂದೆ ಅವು ಸಪ್ಪೆಯಾದವು. ತಪ್ಪು ತಿದ್ದಿಕೊಳ್ಳಲೆಂದು 1990ರಲ್ಲಿ ಮನುಷ್ಯರ 60 ಕೋಶವಂಶಗಳ ಜರಡಿ ಬಂತು. ಗಡ್ಡೆಗಳ ಬಗೆ ಹೆಚ್ಚಿತು, ಆದರೆ ಕೋಶಗಳು ಮಲಗಿದ್ದು ಮತ್ತದೇ ಚಪ್ಪಟೆ ಪ್ಲಾಸ್ಟಿಕ್ ಮೇಲೆ. ಒಂದು ಪದರದಲ್ಲಿ ಪ್ರತಿ ಕೋಶಕ್ಕೂ ತಲೆಯ ಮೇಲೆ ಪೋಷಕ ದ್ರವ, ಬೇಕಾದಷ್ಟು ಆಮ್ಲಜನಕ, ಸಮಪಾಲು ಮದ್ದು. ಮದ್ದು ಎಲ್ಲಿಗೂ ನಡೆದು ಹೋಗಬೇಕಿಲ್ಲ. ಭಂಡಾರದ ಕಲಬೆರಕೆ ಪತ್ತೆಹಚ್ಚುವ ಸಣ್ಣ ಪರೀಕ್ಷೆಯೊಂದನ್ನು ಇಲ್ಲಿ ನೆನೆಯಬೇಕು. ಅರಿಶಿನಕ್ಕೆ ಮೆಟಾನಿಲ್ ಯೆಲ್ಲೋ ಎಂಬ ಕೃತಕ ಬಣ್ಣ ಬೆರೆಸಿದ್ದಾರೆಯೇ ಎಂದು ತಿಳಿಯಲು ಪುಡಿಯ ಸಾರಕ್ಕೆ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಾರೆ. ಕೃತಕ ಬಣ್ಣ ನಸುಗೆಂಪಾಗುತ್ತದೆ. ತೊಡಕೇನೆಂದರೆ ಅಪ್ಪಟ ಅರಿಶಿನವೂ ಕೆಂಪಾಗುತ್ತದೆ. ಆಮೇಲೆ ನೀರು ಬೆರೆಸಬೇಕು: ಕೆಂಪು ಮಾಯವಾದರೆ ಅರಿಶಿನ, ಉಳಿದರೆ ಕಲಬೆರಕೆ. ಮೊದಲ ಹೆಜ್ಜೆಗೇ ನಿಂತವನಿಗೆ ಎಲ್ಲ ಅಂಗಡಿಯೂ ಕಳ್ಳನ ಅಂಗಡಿ. ಚಪ್ಪಟೆ ತಟ್ಟೆಯ ಶೋಧನೆ ದಶಕಗಟ್ಟಲೆ ನಿಂತದ್ದು ಆ ಮೊದಲ ಹೆಜ್ಜೆಯಲ್ಲೇ. ನೀರು ಬೆರೆಸುವ ಎರಡನೆಯ ಹೆಜ್ಜೆಯ ಕೆಲಸವನ್ನು ಮಾಡಬಲ್ಲದ್ದು ಗೋಲಕೃಷಿ.

ಅದರ ಬೀಜ ಇರುವುದು ಮದ್ದಿನ ಅಂಗಡಿಯಲ್ಲಿ ಅಲ್ಲ, ವಿಕಿರಣ ಚಿಕಿತ್ಸೆಯಲ್ಲಿ. ಬ್ರಿಟನ್ನಿನ ಥಾಮ್ಲಿನ್ಸನ್ ಮತ್ತು ಗ್ರೇ 1955ರಲ್ಲಿ ಶ್ವಾಸಕೋಶದ ಗಡ್ಡೆಗಳ ತೆಳು ಹೋಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಒಂದು ಕ್ರಮವನ್ನು ಕಂಡರು. ಕೋಶಗಳ ಕಟ್ಟು ದಪ್ಪವಾದಂತೆ ನಡುವೆ ಸತ್ತ ತಿರುಳು ಕಾಣಿಸಿಕೊಳ್ಳುತ್ತಿತ್ತು, ಆದರೆ ಅದರ ಸುತ್ತಲಿನ ಜೀವಂತ ಅಂಚು ಸುಮಾರು 180 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ಕಡಿಮೆ ದಪ್ಪವನ್ನು ದಾಟುತ್ತಿರಲಿಲ್ಲ. ರಕ್ತನಾಳದಿಂದ ಆಮ್ಲಜನಕ ಹರಿದು ತಲುಪುವ ದೂರ ಅಷ್ಟೇ ಎಂದು ಅವರು ತರ್ಕಿಸಿದರು. ಆಮ್ಲಜನಕ ಕಡಿಮೆಯಿರುವಲ್ಲಿ ವಿಕಿರಣದ ಏಟು ಸರಿಯಾಗಿ ಬೀಳುವುದಿಲ್ಲ. ಈ ಒಳಗುಟ್ಟನ್ನು ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದವನು ಕೆನಡಾದ ರಾಬರ್ಟ್ ಸದರ್ಲ್ಯಾಂಡ್. ಚೀನಾ ಹ್ಯಾಮ್‌ಸ್ಟರಿನ ಶ್ವಾಸಕೋಶದ ಕೋಶಗಳನ್ನು ತಿರುಗುತ್ತಿರುವ ಫ್ಲಾಸ್ಕಿನಲ್ಲಿ ಬೆಳೆಸಿದಾಗ ಅವು ಎಲ್ಲಿಯೂ ಅಂಟಲು ಜಾಗ ಸಿಗದೆ ಒಂದಕ್ಕೊಂದು ಅಂಟಿ ಗೋಲಗಳಾದವು. 1971ರ ಪ್ರಬಂಧದಲ್ಲಿ ಅವನೂ ಸಂಗಡಿಗರೂ ಇವನ್ನು ಗಂಟುಗಂಟಾದ ಕ್ಯಾನ್ಸರಿನ ಮಾದರಿ ಎಂದು ಮುಂದಿಟ್ಟರು. ಗೋಲವನ್ನು ಕತ್ತರಿಸಿ ನೋಡಿದರೆ ಮೂರು ವಲಯ. ಹೊರಗಿನ ಕೋಶಗಳು ಒಡೆದು ಹೆಚ್ಚುತ್ತಿರುತ್ತವೆ. ಒಳಪದರದವು ಬದುಕಿದ್ದರೂ ಸುಮ್ಮನೆ ಕುಳಿತಿರುತ್ತವೆ. ವ್ಯಾಸ ಅರ್ಧ ಮಿಲಿಮೀಟರಿನ ಹತ್ತಿರ ಬಂದಾಗ ನಟ್ಟನಡುವೆ ಸತ್ತ ತಿರುಳು. ಗಂಟು ಕಟ್ಟಿದ ರಾಗಿಮುದ್ದೆ ಮುರಿದವರಿಗೆ ಇದು ತಟ್ಟನೆ ಹೊಳೆಯುತ್ತದೆ: ಹೊರಗೆ ಬೆಂದಿದೆ, ಗಂಟಿನೊಳಗೆ ಹಸಿ ಹಿಟ್ಟು. ಹೆಚ್ಚಿನ ಕ್ಯಾನ್ಸರ್ ಮದ್ದುಗಳು ಒಡೆಯುತ್ತಿರುವ ಕೋಶವನ್ನೇ ಹೊಡೆಯುವುದರಿಂದ ಆ ಸುಮ್ಮನೆ ಕುಳಿತ ನಡುಪದರ ಬಚಾವಾಗುತ್ತದೆ, ಮದ್ದು ನಿಂತ ಮೇಲೆ ಮತ್ತೆ ಬೆಳೆಯುತ್ತದೆ. ಆಸ್ಪತ್ರೆಯಲ್ಲಿ ಕೆಂಪು ಮದ್ದೆಂದೇ ಕರೆಯುವ ಡಾಕ್ಸೋರೂಬಿಸಿನ್ ತಾನಾಗಿ ಕೆಂಪಗೆ ಹೊಳೆಯುವ ವಸ್ತು. ಅದು ಗೋಲದ ಹೊರ ಅಂಚಿನಲ್ಲೇ ಉಳಿದು ಒಳಗೆ ಸರಿಯಾಗಿ ಇಳಿಯುವುದಿಲ್ಲ ಎಂಬುದನ್ನು 1970ರ ದಶಕದ ಕೊನೆಯಲ್ಲೇ ತೋರಿಸಿದ್ದರು.

ಕರ್ಕ್ಯುಮಿನ್ ಇಂಥ ಗೋಲದ ಮುಂದೆ ನಿಂತರೆ ಏನಾಗಬೇಕೆಂದು ಅದರ ರಸಾಯನವೇ ಹೇಳುತ್ತದೆ. ದೇಹದ ಶಾಖದಲ್ಲಿ, ರಕ್ತಕ್ಕೆ ಸಮೀಪದ ಕ್ಷಾರತೆಯ ಬರೀ ಲವಣದ್ರಾವಣದಲ್ಲಿ ಅದರ ನೂರಕ್ಕೆ 90 ಪಾಲು ಅರ್ಧ ಗಂಟೆಯಲ್ಲಿ ಒಡೆದು ಹೋಗುತ್ತದೆ ಎಂದು 1997ರಲ್ಲೇ ಅಳೆದಿದ್ದಾರೆ. ಸೀರಮ್ ಬೆರೆಸಿದ ಪೋಷಕ ದ್ರವದಲ್ಲಿ ಕೆಲವು ಗಂಟೆ ಹೆಚ್ಚು ಬಾಳುತ್ತದೆ, ಅಷ್ಟೇ. ನೀರಿನಲ್ಲಿ ಕರಗುವುದಿಲ್ಲ, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಒಂದೇ ಪದರದ ಕೋಶಕ್ಕೆ ಸುರಿದ ಕ್ಷಣವೇ ಮುಟ್ಟುವುದರಿಂದ ಅಲ್ಲಿ ಈ ದೌರ್ಬಲ್ಯ ಯಾವುದೂ ಹೊರಬೀಳುವುದಿಲ್ಲ. ಹತ್ತಾರು ಪದರ ದಾಟಬೇಕಾದಾಗ ಎಲ್ಲವೂ ಹೊರಬೀಳುತ್ತದೆ. ಇದರಲ್ಲೊಂದು ವಿಚಿತ್ರ ಅನುಕೂಲವೂ ಇದೆ: ಕರ್ಕ್ಯುಮಿನ್ ನೀಲಿ ಬೆಳಕು ಬಿದ್ದಾಗ ತಾನೇ ಹಸಿರಾಗಿ ಹೊಳೆಯುತ್ತದೆ, ಹಾಗಾಗಿ ಬೇರೆ ಬಣ್ಣ ಹಚ್ಚದೆಯೇ ಅದು ಗೋಲದೊಳಗೆ ಎಷ್ಟು ಇಳಿಯಿತೆಂದು ಕಣ್ಣಾರೆ ನೋಡಬಹುದು. ಅದೇ ಹೊಳಪು ಚಪ್ಪಟೆ ತಟ್ಟೆಯ ಯಂತ್ರಗಳನ್ನು ಎಷ್ಟೋ ಸಲ ಮೋಸಗೊಳಿಸಿದೆ. 2017ರಲ್ಲಿ ರಸಾಯನ ವಿಜ್ಞಾನಿಗಳ ಗುಂಪೊಂದು ಕರ್ಕ್ಯುಮಿನ್ ಸಾಹಿತ್ಯವನ್ನೆಲ್ಲ ಕೆದಕಿ, ಇದು ಪರೀಕ್ಷೆಗಳಲ್ಲಿ ಸುಳ್ಳು ಫಲ ಕೊಡುವ ಅಣುಗಳ ಸಾಲಿಗೆ ಸೇರಿದ್ದು ಎಂದೂ, ಅದರ ಮೇಲೆ ನಡೆದ 120ಕ್ಕೂ ಹೆಚ್ಚು ಮಾನವ ಪ್ರಯೋಗಗಳಲ್ಲಿ ರೋಗಿ, ವೈದ್ಯರಿಬ್ಬರಿಗೂ ಗುಟ್ಟಾಗಿಟ್ಟು ಹೋಲಿಸಿದ ಒಂದೂ ಸ್ಪಷ್ಟವಾಗಿ ಗೆದ್ದಿಲ್ಲವೆಂದೂ ಬರೆಯಿತು. ಕರ್ಕ್ಯುಮಿನ್ ಸಂಶೋಧನೆಯಿಂದಲೇ ಜಗತ್ಪ್ರಸಿದ್ಧನಾದ ವಿಜ್ಞಾನಿಯೊಬ್ಬನ ಹತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಹಿಂದಕ್ಕೆ ಪಡೆದದ್ದು ಬೇರೆ ಮಾತು. ವಂಚನೆಯೇ ಇಲ್ಲದಿದ್ದರೂ ತಟ್ಟೆ ತನ್ನಷ್ಟಕ್ಕೆ ಸಾಕಷ್ಟು ದಾರಿ ತಪ್ಪಿಸುತ್ತಿತ್ತು.

ಹಾಗಾದರೆ ಗೋಲ ಬಂದ ಮೇಲೆ ಎಲ್ಲ ಸರಿಹೋಯಿತೇ ಎಂದು ಕೇಳಬಹುದು. ಇಲ್ಲ. ಮುಂಚೆ ಒಮ್ಮೆ ಹೀಗೇ ಆಸೆ ಹುಟ್ಟಿಸಿ ಕೈಕೊಟ್ಟ ಚರಿತ್ರೆ ಇದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸಲ್ಲದು. ಅರಿಜೋನಾದ ಆನ್ ಹ್ಯಾಂಬರ್ಗರ್ ಮತ್ತು ಸಿಡ್ನಿ ಸಾಲ್ಮನ್ 1977ರಲ್ಲಿ ರೋಗಿಯ ಗಡ್ಡೆಯ ಕೋಶಗಳನ್ನೇ ಮೆದು ಅಗರ್‌ನಲ್ಲಿ ಸಣ್ಣ ಗುಂಪುಗಳಾಗಿ ಬೆಳೆಸುವ ವಿಧಾನ ಕಂಡುಹಿಡಿದರು. ಯಾರಿಗೆ ಯಾವ ಮದ್ದು ನಾಟುತ್ತದೆಂದು ಮೊದಲೇ ಹೇಳಬಹುದು ಎಂಬ ಸುದ್ದಿ ಪತ್ರಿಕೆಗಳನ್ನು ತುಂಬಿತು. ಎಷ್ಟೋ ರೋಗಿಗಳ ಕೋಶಗಳು ಅಗರ್‌ನಲ್ಲಿ ಬೆಳೆಯಲೇ ಇಲ್ಲ. ಬೆಳೆದಲ್ಲಿ ಕಂಡ ಫಲಿತಾಂಶ ಓರೆಯಾಗಿತ್ತು. ಈ ಮದ್ದು ಕೆಲಸ ಮಾಡುವುದಿಲ್ಲ ಎಂದಾಗ ಪರೀಕ್ಷೆ ಹತ್ತರಲ್ಲಿ ಒಂಬತ್ತು ಸಲ ಸರಿ. ಮಾಡುತ್ತದೆ ಎಂದಾಗ ಆರೇಳು ಸಲ ಸರಿ. ಕೊನೆಗೆ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2004ರಲ್ಲೂ 2011ರಲ್ಲೂ ಇಂಥ ಪರೀಕ್ಷೆಗಳನ್ನು ನಂಬಿ ಚಿಕಿತ್ಸೆ ನಿರ್ಧರಿಸಬೇಡಿ ಎಂದು ಹೇಳಿತು. ಅಷ್ಟರಲ್ಲಿ ಕೃಷಿಯ ಕಸುಬು ಬೆಳೆದಿತ್ತು. ಇಲಿಯ ಗಡ್ಡೆಯೊಂದರಿಂದ ತೆಗೆದ ಜೆಲ್ಲಿಯಂಥ ಆಧಾರ, ಅದರ ಮೇಲೆ ಸ್ತನದ ಕೋಶಗಳ ವರ್ತನೆಯೇ ಬದಲಾಗುವುದನ್ನು ತೋರಿಸಿದ ಮೀನಾ ಬಿಸೆಲ್, 2009ರಲ್ಲಿ ಒಂದೇ ಕಾಂಡಕೋಶದಿಂದ ಪುಟ್ಟ ಕರುಳನ್ನು ಬೆಳೆಸಿದ ತೊಶಿರೊ ಸಾಟೊ ಮತ್ತು ಹಾನ್ಸ್ ಕ್ಲೆವರ್ಸ್ ಹೀಗೆ ಸಾಲು ಬೆಳೆಯುತ್ತದೆ. ಪುಣೆಯ ಐಸರ್‌ನಲ್ಲೂ ಸ್ತನಕೋಶಗಳನ್ನು ಟೊಳ್ಳು ಗೋಲಗಳಾಗಿ ಬೆಳೆಸಿ ನೋಡುವ ಕೆಲಸ ನಡೆದಿದೆ. ನನ್ನ ವಾದಕ್ಕೆ ಮುಖ್ಯವಾದದ್ದು 2018ರಲ್ಲಿ ಬ್ರಿಟನ್ನಿನಿಂದ ಬಂದ ವರದಿ: ಜೀರ್ಣಾಂಗದ ಕ್ಯಾನ್ಸರ್ ಹಬ್ಬಿದ ರೋಗಿಗಳ ಗಡ್ಡೆಯಿಂದ ಇದೇ ಬಗೆಯಲ್ಲಿ ಬೆಳೆಸಿದ ಪುಟ್ಟ ಗಡ್ಡೆಗಳು, ಅಂದರೆ ಆರ್ಗನಾಯ್ಡ್‌ಗಳು, ಮದ್ದು ನಾಟುತ್ತದೆ ಎಂದಾಗ ನೂರಕ್ಕೆ 88 ಸಲ, ನಾಟುವುದಿಲ್ಲ ಎಂದಾಗ ನೂರಕ್ಕೆ ನೂರು ಸಲ ಸರಿಯಾಗಿದ್ದವು. ರೋಗಿಗಳ ಸಂಖ್ಯೆ ಚಿಕ್ಕದು, ನೂರಕ್ಕೆ ನೂರು ಎಂಬುದನ್ನು ಹಾಗೇ ನುಂಗಬೇಕಿಲ್ಲ. ಆದರೆ ನಾಲ್ಕು ದಶಕದ ಅಂತರದಲ್ಲಿ, ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ತಂತ್ರದಲ್ಲಿ ತಕ್ಕಡಿ ವಾಲಿದ್ದು ಒಂದೇ ಕಡೆಗೆ. ಅದಕ್ಕೆ ಕಾರಣವೂ ಸ್ಪಷ್ಟ. ದೇಹದಲ್ಲಿ ಮದ್ದು ದಾಟಬೇಕಾದ ಅಡೆತಡೆಗಳು ಹತ್ತಾದರೆ ಗೋಲದಲ್ಲಿ ಇರುವುದು ಎರಡೋ ಮೂರೋ. ಮೂರನ್ನೇ ದಾಟದ್ದು ಹತ್ತನ್ನು ದಾಟದು. ಮೂರನ್ನು ದಾಟಿದ್ದು ಉಳಿದ ಏಳರಲ್ಲಿ ಎಲ್ಲಿಯಾದರೂ ಬೀಳಬಹುದು.

ನ್ಯೂಜಿಲೆಂಡಿನಿಂದ ಬಂದ ಒಂದು ಉದಾಹರಣೆ ಇದನ್ನು ಗಟ್ಟಿ ಮಾಡುತ್ತದೆ. ಟಿರಾಪಜಮೈನ್ ಎಂಬ ಮದ್ದು ಆಮ್ಲಜನಕವಿಲ್ಲದ ಕೋಶಗಳನ್ನೇ ಹುಡುಕಿ ಕೊಲ್ಲುವಂಥದ್ದು, ತಟ್ಟೆಯಲ್ಲಿ ಅದ್ಭುತ. ಆಕ್ಲೆಂಡಿನ ಸಂಶೋಧಕರು ಕೋಶಗಳನ್ನು ಹಲವು ಪದರದ ದಪ್ಪ ಹಾಳೆಯಾಗಿ ಬೆಳೆಸಿ 1998ರಲ್ಲಿ ಪರೀಕ್ಷಿಸಿದಾಗ ಮದ್ದು ಒಳಗೆ ಇಳಿಯುವ ದಾರಿಯಲ್ಲೇ ಖರ್ಚಾಗಿ ಹೋಗುತ್ತಿರುವುದು ಕಂಡಿತು. 800ಕ್ಕೂ ಹೆಚ್ಚು ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗ 2010ರಲ್ಲಿ ವರದಿಯಾದಾಗ ಮದ್ದಿನಿಂದ ಹೆಚ್ಚಿನ ಲಾಭ ಸಿಗಲಿಲ್ಲ. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು, ವಿಕಿರಣ ಕೊಟ್ಟ ರೀತಿಯ ಕುಂದೂ ಸೇರಿ. ಆದರೂ ದಪ್ಪ ಹಾಳೆ ಹನ್ನೆರಡು ವರ್ಷ ಮುಂಚೆ ಎಚ್ಚರಿಸಿತ್ತು.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಬಲವಾದದ್ದು ಇದು: ಗೋಲದ ‘ಇಲ್ಲ’ವೂ ಸುಳ್ಳಾಗಬಹುದಲ್ಲ? ಬೆವಾಸಿಜುಮ್ಯಾಬ್ ಗಡ್ಡೆಗೆ ರಕ್ತ ತರುವ ನಾಳಗಳನ್ನು ತಡೆಯುವ ಮದ್ದು. ನಾಳಗಳೇ ಇಲ್ಲದ ಗೋಲದ ಮೇಲೆ ಅದನ್ನು ಸುರಿದರೆ ಏನೂ ಆಗದು, ನಾವು ಒಳ್ಳೆಯ ಮದ್ದೊಂದನ್ನು ಕಸಕ್ಕೆ ಎಸೆದಿರುತ್ತೇವೆ. ದೇಹದ ರಕ್ಷಣಾ ಕೋಶಗಳನ್ನು ಎಬ್ಬಿಸುವ ಇಮ್ಯುನೊಥೆರಪಿ ಮದ್ದುಗಳ ಗತಿಯೂ ಅದೇ. ಇದನ್ನು ಒಪ್ಪಲೇಬೇಕು. ಗೋಲದ ತೀರ್ಪು ನಿಲ್ಲುವುದು ಗಡ್ಡೆಯ ಕೋಶವನ್ನು ತಾನೇ ನೇರವಾಗಿ ಕೊಲ್ಲುತ್ತೇನೆಂದು ಹೇಳಿಕೊಳ್ಳುವ ಮದ್ದಿನ ಮೇಲೆ ಮಾತ್ರ. ಗಿಡಮೂಲಿಕೆಯ ಪ್ರಬಂಧಗಳ ಹೇಳಿಕೆಯಂತೂ ಬಹುಪಾಲು ಇಂಥದ್ದೇ, ಹಾಗಾಗಿ ಈ ವಿನಾಯಿತಿ ಅವನ್ನು ಕಾಪಾಡುವುದಿಲ್ಲ. ಗೋಲದ ಬಡತನವನ್ನು ತುಂಬುವ ಯತ್ನಗಳೂ ನಡೆದಿವೆ. ಬೆಂಗಳೂರಿನ ಮಿತ್ರ ಬಯೋಟೆಕ್ 2015ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕೋಶಗಳನ್ನು ಬಿಡಿಸಿ ಗೋಲ ಕಟ್ಟುವ ಬದಲು ರೋಗಿಯ ಗಡ್ಡೆಯ ತೆಳು ಹೋಳುಗಳನ್ನೇ ಹಾಗೇ ಉಳಿಸಿಕೊಂಡರು. ಅದೇ ಬಗೆಯ ಗಡ್ಡೆಯ ಆಧಾರದ್ರವ್ಯ ಹಾಸಿ, ಅದೇ ರೋಗಿಯ ರಕ್ತದ ಸೀರಮ್ ಕುಡಿಸಿದರು. ತಲೆ-ಕುತ್ತಿಗೆಯ, ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಮದ್ದಿನ ಫಲವನ್ನು ಮುಂಚಿತವಾಗಿ ಊಹಿಸಲು ಅದನ್ನು ಬಳಸಿದರು. ತಂಬಾಕು, ಗುಟ್ಕಾ ಜಗಿಯುವ ನಾಡಿನಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರಿನಿಂದ ಶುರುಮಾಡಿದ್ದು ವಿವೇಕದ ಆಯ್ಕೆ.

ಇಲಿಗಳಿಲ್ಲವೇ, ಗೋಲ ಯಾಕೆ ಎಂಬ ಪ್ರಶ್ನೆಗೆ ಉತ್ತರವನ್ನು 1955ರ ಜರಡಿಯೇ ಕೊಟ್ಟಾಗಿದೆ. ಇನ್ನೊಂದು ಆಕ್ಷೇಪ ದುಡ್ಡಿನದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆರ್ಗನಾಯ್ಡ್ ಬೆಳೆಸುವ ಆ ಇಲಿಗಡ್ಡೆಯ ಜೆಲ್ಲಿ ಆಮದಿನ ದುಬಾರಿ ಸರಕು. ಮಂಜುಗಡ್ಡೆಯ ಮೇಲೆ ದ್ರವವಾಗಿರುತ್ತದೆ, ಕೋಣೆಯ ಶಾಖ ತಾಗಿದರೆ ಕೈಯಲ್ಲೇ ಗಟ್ಟಿಯಾಗುತ್ತದೆ. ಜಿಲ್ಲಾ ಕೇಂದ್ರದ ಕಾಲೇಜೊಂದು ಕರೆಂಟು ಹೋದ ದಿನ ಅದನ್ನು ಕಾಪಾಡಿಕೊಳ್ಳುವುದು ಕಷ್ಟ. ಆದರೆ ಮದ್ದು ಒಳಗೆ ಇಳಿಯುತ್ತದೆಯೇ ಎಂಬ ಮೊದಲ ಪ್ರಶ್ನೆಗೆ ಆ ಜೆಲ್ಲಿ ಬೇಕಾಗಿಲ್ಲ. ಅದೇ 96 ಗುಳಿಗಳ ಪ್ಲೇಟಿನ ತಳಕ್ಕೆ ಬಿಸಿ ಅಗರೋಸ್ ಸುರಿದು ಆರಲು ಬಿಟ್ಟರೆ ಕೋಶಗಳಿಗೆ ಅಂಟಲು ನೆಲ ಸಿಗುವುದಿಲ್ಲ, ಮೂರ್ನಾಲ್ಕು ದಿನದಲ್ಲಿ ಗುಳಿಗೊಂದರಂತೆ ಗೋಲ ಕಟ್ಟುತ್ತವೆ. ಅದೂ ಬೇಡವೆಂದರೆ ಪೆಟ್ರಿ ತಟ್ಟೆಯ ಮುಚ್ಚಳದ ಒಳಮೈಗೆ 20-30 ಮೈಕ್ರೋಲೀಟರಿನ ಹನಿಗಳನ್ನಿಟ್ಟು, ಮುಚ್ಚಳ ತಿರುಗಿಸಿ, ತಳದಲ್ಲಿ ಒಣಗದಂತೆ ಒಂದಿಷ್ಟು ಉಪ್ಪುನೀರು ಹಾಕಿ ಇನ್‌ಕ್ಯುಬೇಟರಿನಲ್ಲಿಟ್ಟರಾಯಿತು. ಕೋಶಗಳು ಹನಿಯ ತುದಿಗೆ ಇಳಿದು ಒಂದುಗೂಡುತ್ತವೆ. ಹ್ಯಾರಿಸನ್ನನ 1907ರ ತೂಗುಹನಿಯೇ ಇದು. ಪುಣೆಯ ಭಂಡಾರ ಕಳಿಸುವ ಎಂ.ಸಿ.ಎಫ್.-7 ಸ್ತನಕೋಶ ಇದಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಹೀಗಿರುವಾಗ ಚಪ್ಪಟೆ ತಟ್ಟೆಯೇ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತಿರುವುದಕ್ಕೆ ಬಡತನವೊಂದೇ ಕಾರಣವಾಗಲಾರದು. ‘ಇಲ್ಲ’ ಎಂಬ ಫಲಿತಾಂಶವನ್ನು ಯಾವ ಪತ್ರಿಕೆ ಅಚ್ಚುಹಾಕುತ್ತದೆ, ಯಾವ ಸಮಿತಿ ಅದಕ್ಕೆ ಬಡ್ತಿಯ ಅಂಕ ಕೊಡುತ್ತದೆ? ‘ಹೌದು’ ಎನ್ನುವ ತಟ್ಟೆಯನ್ನು ಬಿಟ್ಟು ‘ಇಲ್ಲ’ ಎನ್ನುವ ಗೋಲದ ಕಡೆಗೆ ಹೋಗಲು ಸಂಶೋಧಕನಿಗೆ ನಾವು ಯಾವ ಆಮಿಷವನ್ನೂ ಇಟ್ಟಿಲ್ಲ.

ಇನ್ನೊಂದು ಆಕ್ಷೇಪ ಭಾವನೆಯದು: ಇದು ಅರಿಶಿನಕ್ಕೆ ಮಾಡುವ ಅವಮಾನ ಎಂಬುದು. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಅಮೆರಿಕದ ಪೇಟೆಂಟ್ ಪಡೆದಾಗ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಹಿಂದೆ ನಡೆಸಿದ್ದ ರಘುನಾಥ ಮಾಶೆಲ್ಕರ್ ಸಿ.ಎಸ್.ಐ.ಆರ್. ಮುಖ್ಯಸ್ಥರಾಗಿ ಅದನ್ನು ಪ್ರಶ್ನಿಸಿದರು. 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದು ಹಳೆಯ ಗ್ರಂಥಗಳ, ಪ್ರಬಂಧಗಳ ಆಧಾರದ ಮೇಲೆ, ಅಂದರೆ ಜನ ಇದನ್ನು ಬಹುಕಾಲದಿಂದ ಬಳಸುತ್ತಿದ್ದರು ಎಂಬ ಸಾಕ್ಷಿಯ ಮೇಲೆ. ಪೇಟೆಂಟಿನ ಕಟ್ಟೆಯಲ್ಲಿ ಅಷ್ಟು ಸಾಕ್ಷಿ ಸಾಕು. ಬಹುಕಾಲದ ಬಳಕೆ ಗಡ್ಡೆಯ ನಡುಪದರದಲ್ಲಿ ಏನಾಗುತ್ತದೆಂದು ಹೇಳಲಾರದು, ಹೇಳಬೇಕೆಂದು ನಿರೀಕ್ಷಿಸುವುದೂ ಅನ್ಯಾಯ. ಜೇಜುರಿಗೆ ಹೋಗುವ ಕುರುಬರು, ಧನಗರರು, ಹೊಸದಾಗಿ ಮದುವೆಯಾಗಿ ದರ್ಶನಕ್ಕೆ ಬರುವ ಜೋಡಿಗಳು ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುವಾಗ ಅದರಿಂದ ಕ್ಯಾನ್ಸರ್ ವಾಸಿ ಕೇಳುತ್ತಿಲ್ಲ. ಅರಿಶಿನದ ಮೇಲೆ ಆ ಹೊರೆ ಹೊರಿಸಿದ್ದು ಪ್ರಯೋಗಾಲಯ ಮತ್ತು ಗುಳಿಗೆಯ ಮಾರುಕಟ್ಟೆ.

ಕರ್ಕ್ಯುಮಿನ್ ಸತ್ತೇ ಹೋಯಿತೆಂದು ಇದರ ಅರ್ಥವಲ್ಲ. ಬ್ರಿಟನ್ನಿನ ಲೆಸ್ಟರ್‌ನಲ್ಲಿ ರೋಗಿಗಳ ಗಡ್ಡೆಯ ತುಣುಕುಗಳ ಮೇಲೆ ಮೊದಲು ನೋಡಿ, ಆಮೇಲೆ ಕರುಳಿನ ಕ್ಯಾನ್ಸರಿನ ಕೀಮೋ ಜೊತೆ ಕರ್ಕ್ಯುಮಿನ್ ಕೊಟ್ಟು 2019ರಲ್ಲಿ ವರದಿ ಮಾಡಿದರು. ರೋಗಿಗಳು 30ಕ್ಕೂ ಕಡಿಮೆ, ಸಿಕ್ಕ ಗಟ್ಟಿ ತೀರ್ಮಾನ ದೇಹ ಅದನ್ನು ತಾಳಿಕೊಳ್ಳುತ್ತದೆ ಎಂಬಷ್ಟೇ. ಆರ್ಮೇನಿಯಾದಲ್ಲಿ ಸ್ತನ ಕ್ಯಾನ್ಸರ್ ಹಬ್ಬಿದ 150 ಹೆಂಗಸರ ಮೇಲೆ, ಕೀಮೋ ಜೊತೆ ಕರ್ಕ್ಯುಮಿನ್ನನ್ನು ನುಂಗಿಸದೆ ನೇರ ರಕ್ತನಾಳಕ್ಕೆ ಹರಿಸಿ, ಯಾರಿಗೆ ಏನು ಕೊಟ್ಟರೆಂದು ಗುಟ್ಟಾಗಿಟ್ಟು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಡ್ಡೆ ಕುಗ್ಗಿದವರ ಪ್ರಮಾಣ ಕರ್ಕ್ಯುಮಿನ್ ಪಡೆದವರಲ್ಲಿ ಹೆಚ್ಚಿತ್ತು. ಇದನ್ನು ನನ್ನ ವಾದದ ವಿರುದ್ಧ ಎತ್ತುವವರಿದ್ದಾರೆ. ನನಗೆ ಇದು ವಾದದ ಪರವಾಗಿಯೇ ಕಾಣುತ್ತದೆ. ಅಣು ಬದಲಾಗಿಲ್ಲ, ಅದು ಹೋದ ದಾರಿ ಬದಲಾಗಿದೆ. ದಾರಿಯನ್ನು ಅಳೆಯದ ಪರೀಕ್ಷೆ ಈ ವ್ಯತ್ಯಾಸವನ್ನು ಎಂದೂ ಕಾಣಲಾರದು. ನಮ್ಮ ದೇಶದ ಕಾನೂನೂ ಈಗ ಬಾಗಿಲು ತೆರೆದಿದೆ. ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳಿಗೆ 2023ರ ಮಾರ್ಚಿನಲ್ಲಿ ಬಂದ ತಿದ್ದುಪಡಿ, ಮನುಷ್ಯರಿಗೆ ಕೊಡುವ ಮುನ್ನ ನಡೆಸುವ ಪರೀಕ್ಷೆಗಳ ಅರ್ಥವಿವರಣೆಯಲ್ಲಿ ಪ್ರಾಣಿಗಳ ಜೊತೆಗೆ ಮೂರು ಆಯಾಮದ ಆರ್ಗನಾಯ್ಡ್, ಚಿಪ್ ಮೇಲಿನ ಅಂಗ, ಕಂಪ್ಯೂಟರ್ ಮಾದರಿಗಳನ್ನೂ ಸೇರಿಸಿತು. ಅಮೆರಿಕ ಇಂಥದ್ದೇ ಕಾನೂನು ಮಾಡಿ ಆಗ ಮೂರು ತಿಂಗಳಾಗಿತ್ತಷ್ಟೇ. ಆದರೆ ಅರ್ಥವಿವರಣೆ ಒಂದು, ಅಳತೆಗೋಲು ಇನ್ನೊಂದು. 200 ಮೈಕ್ರಾನಿನ ಗೋಲದಲ್ಲಿ ಸತ್ತ ತಿರುಳೂ ಇರುವುದಿಲ್ಲ, ಮದ್ದಿಗೆ ನಡೆಯಲು ದೂರವೂ ಇರುವುದಿಲ್ಲ. ಅದರ ಮೇಲೆ ಗೆದ್ದ ಮದ್ದನ್ನೂ 500 ಮೈಕ್ರಾನಿನ ಗೋಲದ ಮೇಲೆ ಗೆದ್ದದ್ದನ್ನೂ ಒಂದೇ ಹೆಸರಿನಲ್ಲಿ ಕಡತಕ್ಕೆ ಸೇರಿಸಬಹುದಾದರೆ ಚಪ್ಪಟೆ ತಟ್ಟೆಯ ಹಳೆಯ ಧಾರಾಳತನ ದುಂಡಗಿನ ವೇಷದಲ್ಲಿ ಮರಳಿ ಬರುತ್ತದೆ. ಗೋಲದ ವ್ಯಾಸ, ಮದ್ದು ಹಾಕುವಾಗ ಅದರ ವಯಸ್ಸು, ರೋಗಿಯ ರಕ್ತದಲ್ಲಿ ನಿಜಕ್ಕೂ ತಲುಪಬಹುದಾದ ಮಟ್ಟಕ್ಕೆ ಮಿತಿಗೊಳಿಸಿದ ಪ್ರಮಾಣ: ಈ ಮೂರನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಬೇಕೆಂದು ಪತ್ರಿಕೆಗಳೂ ವಿಶ್ವವಿದ್ಯಾಲಯಗಳೂ ಪಟ್ಟು ಹಿಡಿದರೆ, ಮುಂದಿನ ಅರಿಶಿನದ ಪ್ರಬಂಧ ತ್ರಿಶೂರಿನ 4 ಮೈಕ್ರೋಗ್ರಾಂನಿಂದ ಅಲ್ಲದೆ ಹ್ಯೂಸ್ಟನ್ನಿನ 41 ನ್ಯಾನೋಗ್ರಾಂನಿಂದ ಶುರುವಾಗಬೇಕಾಗುತ್ತದೆ.